ಒತೀಲಿಯಕ್ಕನ ಮನೆ ಎಳೆದ ದಿನದ ಫೋನು

ಇಪ್ಪತ್ತಾರು ವರ್ಷ ಚಿಲೋಯೆ ದ್ವೀಪದಲ್ಲಿ ಕಂಬ ಹತ್ತಿ ಇಳಿದು ಟೆಲಿಫೋನ್ ತಂತಿ ಎಳೆದವನು ನಾನು. ಎಷ್ಟು ಮನೆಗೆ ಫೋನು ಕೊಟ್ಟೆನೋ ಲೆಕ್ಕವಿಲ್ಲ. ಆದರೆ ಸಾಕಪ್ಪಾ ಸಾಕು ಅನ್ನಿಸಿದವಳು ಒತೀಲಿಯಾ ಲೆವಿಕೊಯ್ ಒಬ್ಬಳೇ. ಎಪ್ಪತ್ತನಾಲ್ಕು ವರ್ಷ. ಮದುವೆಯಾಗಲಿಲ್ಲ. ಉಣ್ಣೆ ನೂತು ಕಾಲುಚೀಲ ಹೆಣೆದು ಮಾರಿ ಬದುಕಿದಳು. ಪಾದ್ರಿಯ ಮಾತಿಗೂ ಸೊಪ್ಪು ಹಾಕಿದವಳಲ್ಲ.

ಅವಳ ವಾರವೆಲ್ಲ ನಿಂತಿದ್ದು ಶನಿವಾರ ನಾಲ್ಕು ಗಂಟೆಯ ಫೋನಿನ ಮೇಲೆ. ಮಾಡುತ್ತಿದ್ದವಳು ದೂರದ ಪುಂತಾ ಅರೇನಾಸಿನಲ್ಲಿದ್ದ ಅಕ್ಕ ಎರ್ಮೆಲಿಂದಾ. ಅವಳಿಗೆ ಮರೆವಿನ ಕಾಯಿಲೆ. ಹೆತ್ತ ಮಕ್ಕಳ ಹೆಸರೂ ಹೋಗಿತ್ತು. ಫೋನಿನ ಮುಂದೆ ಕೂರಿಸಿದರೆ ಮಾತ್ರ ಬೆರಳು ತಾನಾಗಿ ತಂಗಿಯ ನಂಬರು ಒತ್ತುತ್ತಿತ್ತು. ಒಮ್ಮೆ ಬಿರುಗಾಳಿಗೆ ತಂತಿ ಹರಿದು ಇಲ್ಲಿ ಯಾರೂ ಎತ್ತಲಿಲ್ಲ. ತಂಗಿಯನ್ನು ಹುಡುಕಲು ಬರಿಗಾಲಲ್ಲಿ ಬೀದಿಗಿಳಿದವಳು ಹಿಮದಲ್ಲಿ ಬಿದ್ದು ಸಿಕ್ಕಿದ್ದಳು.

ಅಂಥದ್ದರಲ್ಲಿ ಸಮುದ್ರ ದಂಡೆ ಕೊರೆಯುತ್ತಾ ಒತೀಲಿಯಾಳ ಮನೆಯ ಅಂಗಳಕ್ಕೇ ಬಂತು. ಮನೆಯನ್ನು ದಿಬ್ಬದ ಮೇಲಿನ ಜಾಗಕ್ಕೆ ಎಳೆಯಬೇಕೆಂದು ಊರೇ ಸೇರಿ ತೀರ್ಮಾನಿಸಿತು. ನಮ್ಮಲ್ಲಿ ಮರದ ಮನೆಯನ್ನು ಇದ್ದ ಹಾಗೇ ದಿಮ್ಮಿಗಳ ಮೇಲೇರಿಸಿ ಎತ್ತು ಕಟ್ಟಿ ಎಳೆಯುತ್ತೇವೆ. ಕೂಲಿಯಿಲ್ಲ, ಹೊಟ್ಟೆ ತುಂಬ ಊಟ. ಎಲ್ಲರಿಗೂ ಬಿಡುವಿದ್ದ ದಿನ ಶನಿವಾರವೊಂದೇ.

ಫೋನಿನ ವಿಷಯಕ್ಕೆ ಅವಳನ್ನು ಪೇಟೆಯ ಕಚೇರಿಗೆ ಕರೆದೊಯ್ದೆ.

"ಹಳೇ ಮನೆ ಯಾವತ್ತು ಖಾಲಿ ಮಾಡ್ತೀರಜ್ಜಿ?" ಎಂದಳು ಕೌಂಟರಿನ ಹುಡುಗಿ.

"ಖಾಲಿ ಯಾಕಮ್ಮ ಮಾಡ್ಲಿ? ಮನೇನೂ ನನ್ ಜೊತೇಲೇ ಬರುತ್ತೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ. ಆ ಹಾಳು ಫಾರಂನಲ್ಲಿ ನಡೆದು ಬರುವ ಮನೆಗೆ ಜಾಗವಿರಲಿಲ್ಲ. ಹಳೇ ಸಂಪರ್ಕ ಕಡಿತ, ಹದಿನೈದು ದಿನದ ಮೇಲೆ ಹೊಸದು, ಜೊತೆಗೆ ಜೋರಾದ ಬ್ರಾಡ್‌ಬ್ಯಾಂಡು. ನಂಬರು ಮಾತ್ರ ಬೇರೆ.

"ಬ್ರಾಡ್‌ಬ್ಯಾಂಡು ನೀನೇ ಇಟ್ಕೊ ತಾಯಿ. ನನ್ ನಂಬರು ನಂಗೆ ಬಿಡು."

ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳು ಅತ್ತಿದ್ದನ್ನು ನಾನು ಅದೇ ಮೊದಲು ಕಂಡಿದ್ದು. "ಎರಾಸ್ಮೊ, ಅವ್ಳು ಮತ್ತೆ ಬೀದಿಗಿಳಿದ್ರೆ?"

"ಕಡಿದ್ರೆ ತಾನೇ ಒತೀಲಿಯಕ್ಕ, ಹೊಸ ನಂಬರು? ಕಡಿಯೋದೇ ಬೇಡ ಬಿಡು," ಎಂದೆ.

ಶನಿವಾರ ಬೆಳಿಗ್ಗೆ ಕಂಬದಿಂದ ಮನೆಗೆ ಬರುವ ತಂತಿಗೆ ನಾನೂರು ಮೀಟರು ಹಳೇ ತಂತಿ ಸೇರಿಸಿದೆ. ಸುರುಳಿ ಹೊತ್ತು, ಮನೆ ಮುಂದೆ ಸಾಗಿದಂತೆ ಹಿಂದಿನಿಂದ ಬಿಚ್ಚುತ್ತಾ ನಡೆದೆ. ಎಂಟು ಜೊತೆ ಎತ್ತು, ಹಗ್ಗ ಹಿಡಿದ ಅರವತ್ತು ಜನ. ಅವರಿಗೆಲ್ಲ ಯಜಮಾನ ರೊಸಾಮೆಲ್ ಕಾರ್ಕಮೊ, ಎಂಬತ್ತು ದಾಟಿದ ಮುದುಕ, ಎರ್ಮೆಲಿಂದಾ ಈ ಊರಲ್ಲಿದ್ದಾಗ ಅವಳ ಓರಗೆಯವನು.

"ಏನಯ್ಯಾ ಎರಾಸ್ಮೊ, ಮನೆಗೆ ದಾರ ಕಟ್ಕೊಂಡು ಗಾಳಿಪಟ ಹಾರಿಸ್ತಿದೀಯಾ?" ಎಂದು ರೇಗಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವನ ನಗು ಇಳಿದದ್ದು ಒತೀಲಿಯಾ ಒಳಗೇ ಕೂತಿದ್ದಾಳೆಂದು ತಿಳಿದಾಗ. ಎಳೆಯುವಾಗ ಮನೆಯೊಳಗೆ ಯಾರೂ ಇರುವಂತಿಲ್ಲ.

"ಗೋಡೆ ಬಿದ್ರೆ ಸಾಯ್ತೀಯ, ಇಳಿಯೇ ಮಾರಾಯ್ತಿ!"

"ಬಿದ್ರೆ ನನ್ ಗೋಡೆ. ನಿಂದೇನು ಹೋಗುತ್ತೆ? ಎತ್ತು ಹೊಡಿ."

ದಿಬ್ಬದ ಅರ್ಧ ಏರಿದ್ದೆವು. ಅಲ್ಲಿ ನಿಲ್ಲಿಸಿದರೆ ಮನೆ ಹಿಂದಕ್ಕೆ ಜಾರುತ್ತದೆ, ಅದು ಎಲ್ಲರಿಗೂ ಗೊತ್ತು. ರೊಸಾಮೆಲ್ ಗಂಟಲು ಹರಿಯುವಂತೆ ಎತ್ತುಗಳನ್ನು ಹುರಿದುಂಬಿಸುತ್ತಿದ್ದ. ಸರಿಯಾಗಿ ಆಗಲೇ ನಾಲ್ಕಾಯಿತು, ಫೋನು ಬಡಿದುಕೊಂಡಿತು.

ಒತೀಲಿಯಾ ಫೋನು ಎತ್ತಿದ ಮೇಲೂ ಎರಡು ಸಲ ಎತ್ತಿಗೆ ಕೂಗಿದವನು, ಆಮೇಲೆ ಅದು ಯಾರ ಫೋನೆಂದು ಹೊಳೆದು ಕೈ ಎತ್ತಿದ. ಎತ್ತುಗಳು ನಿಂತವು. ಅರವತ್ತು ಜನ ಹಗ್ಗಕ್ಕೆ ಜೋತುಬಿದ್ದು ಕಾಲೂರಿದರು. ತೆರೆದ ಕಿಟಕಿಯಿಂದ ಅವಳ ಮಾತು ಕೇಳುತ್ತಿತ್ತು.

"ನಾನೇ ಕಣಕ್ಕ... ಎಲ್ಲಿದೀನಾ? ಮನೇಲೇ ಇದೀನಿ. ಇನ್ನೆಲ್ಲಿಗೆ ಹೋಗ್ಲಿ?... ಸದ್ದಾ? ನಮ್ಮೂರೋರು... ಏನಂದೆ? ಇನ್ನೊಂದ್ಸಲ ಹೇಳು."

ಹಗ್ಗ ಹಿಡಿದವರ ಹಿಮ್ಮಡಿ ಮಣ್ಣಲ್ಲಿ ಹೂತುಹೋಗಿತ್ತು. ಕಿಟಕಿಯಲ್ಲಿ ಒತೀಲಿಯಾಳ ಮುಖ ಕಂಡಿತು, ಕೆನ್ನೆಯೆಲ್ಲ ಒದ್ದೆ.

"ರೊಸಾಮೆಲ್, ನೀನು ಎತ್ತಿಗೆ ಕೂಗಿದ್ದು ಅಕ್ಕಂಗೆ ಕೇಳಿಸ್ತಂತೆ ಕಣೋ. 'ಅದು ರೊಸಾಮೆಲ್ ಅಲ್ವೇನೇ' ಅಂದ್ಲು."

ಮುದುಕ ಟೋಪಿ ತೆಗೆದ. ಎತ್ತುಗಳ ಕಡೆ ತಿರುಗಿದ. ಅಕ್ಕ ಇನ್ನೂ ಫೋನಿನಲ್ಲಿದ್ದಳು. ಅವಳಿಗೆ ಕೇಳಲೆಂದು, ಬೇಕಾದ್ದಕ್ಕಿಂತ ಜೋರಾಗಿಯೇ ಕೂಗಿದ.