ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಸಾಹೇಬರು

ನಮ್ಮ ಸಾಹೇಬರ ಮೂಗು ಎಡಕ್ಕೆ ವಾಲಿತ್ತು. ಹರೆಯದಲ್ಲಿ ರಾಬರ್ಟ್‌ಸನ್‌ಪೇಟೆಯ ಬಾಕ್ಸಿಂಗ್ ಪಂದ್ಯಗಳಲ್ಲಿ ಎರಡು ಸಲ ಮುರಿದದ್ದು. ಸಿಟ್ಟು ಬಂದರೆ ಮೊದಲು ಅದರ ತುದಿ ಕೆಂಪಾಗುತ್ತಿತ್ತು, ಆಮೇಲೆ ಮೇಜಿನ ಮೇಲೆ ಮುಷ್ಟಿ ಬೀಳುತ್ತಿತ್ತು. ಬೂದಿಕೋಟೆ ಕಡೆಯ ರೈತರ ಮನೆಯವರು. ತೊಂಬತ್ತರ ದಶಕದಲ್ಲಿ ಕೆಜಿಎಫ್‌ನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಆಪರೇಟರ್.

ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸುಗಳನ್ನೆಲ್ಲ ನಡೆಸುತ್ತಿದ್ದದ್ದು ನಮ್ಮ ರೂಮಿನ ಒಂದೇ ಸರ್ವರ್. ಹೊಸ ಪ್ರೋಗ್ರಾಂ ಬಂದರೆ ಸಾಹೇಬರು ಮೊದಲು ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಿದ್ದರು. ಹಳೇ ಪ್ರೋಗ್ರಾಮಿನ ನಕಲನ್ನು ಟೇಪಿಗೆ ತೆಗೆಸುತ್ತಿದ್ದರು. ಭಾನುವಾರ ಪ್ರೆಸ್ಸುಗಳು ನಿಂತ ಮೇಲೆಯೇ ಸರ್ವರ್ ಮುಟ್ಟಲು ಬಿಡುತ್ತಿದ್ದದ್ದು.

"ಮೂಲೇಲಿ ಕೆಟ್ರೆ ಬೈಗುಳ ಕಣಮ್ಮಾ, ಇಲ್ಲಿ ಕೆಟ್ರೆ ರಕ್ತ," ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಎಂಜಿನಿಯರ್ ಹೊಸ ಪ್ರೋಗ್ರಾಮನ್ನು ಕೂಡಲೇ ಹಾಕಬೇಕೆಂದು ಹಟ ಹಿಡಿದ. ಸಾಹೇಬರು ಒಪ್ಪಲಿಲ್ಲ. ಅವರು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದಾಗ, ಮ್ಯಾನೇಜರ ಅಪ್ಪಣೆ ಪಡೆದು ಹಾಕಿಯೇಬಿಟ್ಟ. ನಾನು ಬೇಡವೆಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೇ ಶೆಡ್ಡಿನಿಂದ ಚೀರಾಟ. ಮೇಲೆ ನಿಂತಿರಬೇಕಿದ್ದ ಪ್ರೆಸ್ ತಾನಾಗಿ ಇಳಿದು ಒಬ್ಬ ಕೆಲಸಗಾರನ ಅಂಗೈಯನ್ನು ಜಜ್ಜಿಹಾಕಿತ್ತು.

ಸಾಹೇಬರು ಸ್ಟೇಷನ್ನಿನಿಂದ ಮರಳಿ, ಗೇಟಿನಲ್ಲೇ ಸುದ್ದಿ ಕೇಳಿ ಒಳಗೆ ಬರುವಷ್ಟರಲ್ಲಿ ಜನ ಕಬ್ಬಿಣದ ರಾಡು ಹಿಡಿದು ನಮ್ಮ ರೂಮಿಗೆ ನುಗ್ಗಿದ್ದರು. ಕಿಟಕಿಗಳು ಪುಡಿಯಾದವು. ಎಂಜಿನಿಯರನ ಕಾಲರ್ ಹಿಡಿದು ಹೊರಗೆ ಎಳೆದರು. ತುಟಿ ಹರಿದು ಅಂಗಿಯೆಲ್ಲ ರಕ್ತ. ಸಾಹೇಬರು ಗುಂಪನ್ನು ಸೀಳಿಕೊಂಡು ಬಂದು ಅವನನ್ನು ಒಳಕ್ಕೆ ದಬ್ಬಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಪಕ್ಕಕ್ಕೆ ಓಗಿ ಸಾರ್! ಅವ್ನ ಕೈ ಮುರೀದೆ ಬುಡಾಕಿಲ್ಲ!"

"ಆ ಪ್ರೋಗ್ರಾಂ ಇನ್ನೂ ಓಡ್ತಾ ಐತೆ ಕಣ್ರಲಾ! ಮದ್ಲು ಪ್ರೆಸ್ಸುಗಳ ಕರೆಂಟ್ ತೆಗೀರಿ. ಆಮ್ಯಾಕೆ ನನ್ನ ಒಡೀರಿ!"

ರಾಡೊಂದು ಅವರ ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಹೊಡೆದವನ ದವಡೆಗೆ ಸಾಹೇಬರು ಇನ್ನೊಂದು ಕೈಯಿಂದ ಗುದ್ದಿದರು. ಅವನು ಅಲ್ಲೇ ಕುಸಿದ. ಆಗ ಹಿರಿಯ ಕೆಲಸಗಾರನೊಬ್ಬ "ಕರೆಂಟ್ ತೆಗೀರ್ಲಾ!" ಎಂದು ಕೂಗುತ್ತ ಶೆಡ್ಡಿಗೆ ಓಡಿದ. ಪ್ರೆಸ್ಸುಗಳು ನಿಂತವು, ಜನ ಚದುರಿದರು.

ಸಾಹೇಬರು ನೇತಾಡುವ ಕೈಯನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕೂತರು. "ಅಳೇ ಟೇಪ್ ಆಕಮ್ಮಾ, ನಾನ್ ನೋಡ್ತಿರ್ತೀನಿ." ಹಳೇ ಪ್ರೋಗ್ರಾಂ ಮತ್ತೆ ಕೂರುವವರೆಗೆ ಆಸ್ಪತ್ರೆಗೆ ಏಳಲಿಲ್ಲ.

ವಿಚಾರಣೆಯಲ್ಲಿ ಮ್ಯಾನೇಜರು ತಪ್ಪನ್ನು ನನ್ನ ತಲೆಗೆ ಕಟ್ಟಲು ನೋಡಿದರು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಸಾಹೇಬರು ಎದ್ದು ಎಲ್ಲರೆದುರು ಅವರ ಕಾಲರ್ ಹಿಡಿದರು. "ಈ ಎಣ್ಣುಮಗ್ಳು ಬ್ಯಾಡ ಅಂದ್ಲು. ಅಪ್ಪಣೆ ಕೊಟ್ಟೋನು ನೀನು!"

ನನ್ನ ಕೆಲಸ ಉಳಿಯಿತು. ಅವರದು ಹೋಯಿತು.

ಕೊನೆಯ ಸಲ ಬೂದಿಕೋಟೆಗೆ ಹೋದಾಗ, ಮಡಚಲಾಗದ ಕೈಯನ್ನು ನೆಟ್ಟಗೆ ಚಾಚಿಕೊಂಡು ಜಗಲಿಯ ಮೇಲೆ ಕೂತಿದ್ದರು. ಈ ಕೆಲಸದಿಂದಲೇ ನನ್ನ ಮಕ್ಕಳಿಬ್ಬರೂ ಓದುತ್ತಿದ್ದಾರೆಂದು ಹೇಳಿದೆ.

"ಅಂಗಾದ್ರೆ ಆ ಏಟು ದಂಡ ಆಗ್ಲಿಲ್ಲ ಬುಡು," ಎಂದು ನಕ್ಕರು.

ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ.