ಕೊನೆಯ ಬಾಗಿಲು ತೆರೆದದ್ದು ಮುಂಬ್ರಾ ದಾಟಿದ ಮೇಲೆ

ಡೊಂಬಿವಲಿಗೆ ಬಂದು ಕೆಲಸಕ್ಕೆ ಹೊರಟ ಮೊದಲ ದಿನ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಗುರುತು ಪರಿಚಯ ಇಲ್ಲದವಳೊಬ್ಬಳು ನನ್ನ ಹೆಗಲ ಮೇಲೆ ಕೈಯಿಟ್ಟು "ಕಹಾಂ ಉತರೋಗೇ?" ಎಂದು ಕೇಳಿದಳು. ಎಲ್ಲಿ ಇಳಿಯುತ್ತೀರಿ ಅಂತ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮ ಉಡುಪಿಯ ಸಿಟಿ ಬಸ್ಸಿನಲ್ಲಿ ಯಾರಾದರೂ ಹೀಗೆ ಕೇಳಿದರೆ ಅದು ಮಾತಿನ ಶುರು. ಆಮೇಲೆ ಯಾರ ಮನೆ, ಯಾರ ಮಗಳು, ಮದುವೆಯಾಯಿತಾ ಎಲ್ಲ ಬರುತ್ತದೆ. ನಾನು ನನ್ನ ಹರಕು ಹಿಂದಿಯಲ್ಲಿ ಇಳಿಯುವುದು ಠಾಣೆ ಸ್ಟೇಷನ್ನಿನಲ್ಲಿ, ಕಣ್ಣಿನ ಆಸ್ಪತ್ರೆ, ಹೆಸರು ಬರೆಯುವ ಕೌಂಟರಿನ ಕೆಲಸ, ಗಂಡ ಹೋಟೆಲಿನಲ್ಲಿ ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಠಾಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಕೇಳಿದಳು. ಅವಳಿಗೂ ಠಾಣೆ ಎಂದೆ. ಮೂರನೆಯವಳಿಗೂ ನಗುತ್ತಾ ಠಾಣೆ ಎಂದೆ. ಎಷ್ಟು ಒಳ್ಳೆಯ ಜನ ಮಾರಾಯ್ರೆ ಅಂದುಕೊಂಡೆ.

ಠಾಣೆಯಲ್ಲಿ ನಾನು ಎದ್ದದ್ದೇ ತಡ, ಮೂವರೂ ನನ್ನ ಸೀಟಿನ ಮೇಲೆ ಬಿದ್ದರು. ಜಗಳವೆಂದರೆ ಜಗಳ. ಮೂವರೂ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದರು. ಕೆನ್ನೆಗೆ ಅರಿಸಿನ ಸವರಿದ ಹಾಗೆ ಹಳದಿ ಬಣ್ಣದ, ಐವತ್ತೈದರ ಆಸುಪಾಸಿನ ಒಬ್ಬರು ಮರಾಠಿಯಲ್ಲಿ ಗದರಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವರ ಜೊತೆಗಿದ್ದವಳು ನನ್ನ ಮುಖ ನೋಡಿ, "ಕನ್ನಡದವ್ರೇನ್ರಿ? ಅಕ್ಕಾರ, ಇಲ್ಲಿ ಹಂಗ ಕೇಳಿದವರಿಗೆಲ್ಲಾ ಹೂಂ ಅನಬಾರದ್ರಿ. ಒಬ್ಬರಿಗಿ ಠಾಣೆ ಅಂದ್ರ ಆ ಸೀಟು ಅವರಿಗಿ ಕೊಟ್ಟಂಗ. ಎರಡನೇದವರಿಗಿ 'ದಿಯಾ ಹೈ', ಆಗ್ಲೇ ಕೊಟ್ಟೀನಿ, ಅನಬೇಕು," ಎಂದಳು. ಅಂದರೆ ಕೇಳಿದ್ದು ನನ್ನನ್ನಲ್ಲ, ನಾನು ಕೂತ ಜಾಗವನ್ನು. ಅವತ್ತು ಆಸ್ಪತ್ರೆಯಲ್ಲಿ ಹತ್ತು ಜನರ ಹೆಸರು ತಪ್ಪು ಬರೆದೆ.

ಹೀಗೆ ನನಗೆ ಸಿಕ್ಕಿದವರು ಕುಂದಾತಾಯಿ ಮತ್ತು ಮಹಾದೇವಿ. ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ. ಮಹಾದೇವಿ ವಿಜಯಪುರದ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ. ನಾನು "ಉಂಟು" ಎಂದರೆ ಅವಳಿಗೆ ನಗು, ಅವಳು "ಐತಿ" ಎಂದರೆ ನನಗೆ ನಗು. ಎರಡೂ ಕನ್ನಡವೇ, ಆದರೂ ಮೊದಮೊದಲು ನಾವಿಬ್ಬರು ಹಿಂದಿಯಲ್ಲೇ ಮಾತಾಡಿದ್ದುಂಟು! ಆ ಗುಂಪಿನ ಮೂರನೆಯವಳು ಪ್ರಾಚಿ ಶೆಟ್ಟಿ, ಕಾರ್ಕಳದವರ ಮಗಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಸಮಝ್ ತಾ ಹೈ ಆಂಟಿ, ಬೋಲ್ನೇ ಕೋ ಶರಮ್ ಆತಾ ಹೈ" ಎಂದು ತಾನೇ ಒಪ್ಪಿಕೊಂಡಳು. ಅರ್ಥವಾಗುತ್ತದೆ, ಆಡಲು ನಾಚಿಕೆ.

ನಾನು ಇಲ್ಲಿಗೆ ಬಂದದ್ದು ಎರಡೇ ವರ್ಷಕ್ಕೆ ಎಂದು. ನನ್ನ ಗಂಡ ಶ್ರೀಧರರ ಸೋದರಮಾವ ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು, ಗಲ್ಲಾಪೆಟ್ಟಿಗೆಗೆ ನಂಬಿಕಸ್ತರು ಬೇಕಾಯಿತು. ಮಾವ ಚೇತರಿಸಿಕೊಳ್ಳುವವರೆಗೆ ಎಂದರು. ಮಾವ ಈಗ ಮಹಡಿ ಹತ್ತುತ್ತಾರೆ, ಇಳಿಯುತ್ತಾರೆ, ನಾವು ಮಾತ್ರ ಇಲ್ಲೇ ಇದ್ದೇವೆ.

ಊರಿನಲ್ಲಿ ಬಿಟ್ಟು ಬಂದದ್ದು ತಂಗಿ ಶ್ಯಾಮಲೆಯನ್ನು. ಅಪ್ಪ ಅಮ್ಮ ಹೋದ ಮೇಲೆ ನಮಗೆ ಒಬ್ಬರಿಗೊಬ್ಬರೇ ದಿಕ್ಕು. ಅವಳದ್ದು ಟೈಲರಿಂಗ್ ಅಂಗಡಿ, ಮದುವೆ ಬೇಡ ಎಂದಳು, ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಚಿಕ್ಕಂದಿನಿಂದ ನಮ್ಮಿಬ್ಬರಿಗೆ ಒಂದೇ ಹುಚ್ಚು, ಒಗಟು. ದೋಣಿ, ಹುಲಿ, ಹಸು, ಹುಲ್ಲಿನ ಲೆಕ್ಕದಿಂದ ಶುರುವಾದದ್ದು, ನಾಲ್ಕು ವರ್ಷದ ಹಿಂದೆ ಅವಳು ಆಸೆಪಟ್ಟು ತಂದ ಅಂಗೈಯಗಲದ ಗೇಮ್ ಕನ್ಸೋಲಿಗೆ ಬಂದು ನಿಂತಿತು. ಈ ವಯಸ್ಸಿನಲ್ಲಿ ಮಕ್ಕಳಾಟ ಎಂದು ನೆಂಟರು ನಕ್ಕರು. ನಗಲಿ ಬಿಡಿ, ಅವರು ಧಾರಾವಾಹಿ ನೋಡಿ ಅಳುವುದಿಲ್ಲವೇ!

ಅದರಲ್ಲಿ ನಮಗೆ ಪ್ರಾಣವಾದದ್ದು ಒಂದೇ ಆಟ. ಕಾಲುವೆಗಳ ಊರೊಂದರಲ್ಲಿ ಒಬ್ಬಳು ಮುದುಕಿ ಕೊಡೆ ಹಿಡಿದು, ಕಾಣೆಯಾದ ತನ್ನ ಬೆಕ್ಕನ್ನು ಹುಡುಕುತ್ತಾಳೆ. ಅವಳಿಗೆ ನಾವಿಟ್ಟ ಹೆಸರು ಪದ್ದಕ್ಕ. ಆ ಊರಿನವರು ವಿಚಿತ್ರ ಜನ. ಬೆಕ್ಕು ಕಂಡಿರಾ ಎಂದರೆ ಉತ್ತರಕ್ಕೆ ಮೊದಲು ಒಂದು ಒಗಟು ಎಸೆಯುತ್ತಾರೆ. ಬಿಡಿಸಿದರೆ ಮುಂದಿನ ಬೀದಿ ತೆರೆಯುತ್ತದೆ, ಇಲ್ಲವಾದರೆ ಅಲ್ಲೇ ನಿಲ್ಲಬೇಕು. ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ನನಗೆ ದಿನವೂ ಪದ್ದಕ್ಕನ ನೆನಪಾಗುತ್ತಿತ್ತು. ಒಬ್ಬ ದಲ್ಲಾಳಿಯ ಕೈಯಲ್ಲಿ ಬೀಗ, ಇನ್ನೊಬ್ಬನ ಕೈಯಲ್ಲಿ ಕೀಲಿ, ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಭಾನುವಾರ ಮಾತ್ರ ಸಿಗುತ್ತಾನೆ, ಅವನಿಗೆ ಪೊಲೀಸ್ ಠಾಣೆಯ ಕಾಗದ ಬೇಕು, ಪೊಲೀಸರಿಗೆ ಮನೆಯ ಕರಾರು ಬೇಕು, ಕರಾರಿಗೆ ಕಾರ್ಯದರ್ಶಿಯ ಸಹಿ ಬೇಕು. ಊರಿನಲ್ಲಿ ಮನೆ ಬೇಕೆಂದರೆ ಮೀನಿನವಳಿಗೆ ಹೇಳಿದರೂ ಸಂಜೆಯೊಳಗೆ ಸಿಗುತ್ತಿತ್ತು. ಕೊನೆಗೆ ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಅಡುಗೆಮನೆ ಸಿಕ್ಕಿತು. ಕಿಟಕಿ ತೆರೆದರೆ ಎದುರಿನವರ ಕಿಟಕಿ, ಅವರು ಸಾರಿಗೆ ಒಗ್ಗರಣೆ ಹಾಕಿದರೆ ಸೀನುವುದು ನಾನು.

ಹೊರಡುವ ದಿನ ಶ್ಯಾಮಲೆ ಕನ್ಸೋಲನ್ನು ನನ್ನ ಚೀಲಕ್ಕೆ ಹಾಕಿದಳು. "ನೀನೇ ತಕ್ಕೊಂಡು ಹೋಗು ಅಕ್ಕ, ಅಲ್ಲಿ ನಿಂಗೆ ಯಾರೂ ಇಲ್ಲ. ಆದ್ರೆ ಕೊನೇ ಬಾಗಿಲು ನಾನಿಲ್ಲದೆ ತೆಗೀಬಾರ್ದು. ನೀನು ವಾಪಸ್ ಬಂದ್ಮೇಲೆ ಇಬ್ರೂ ಕೂತು ತೆಗಿಯುವ. ಆಣೆ ಮಾಡು." ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಅಷ್ಟು ಹೊತ್ತಿಗಾಗಲೇ ನಾವು ಆ ಬಾಗಿಲಿನವರೆಗೆ ಬಂದು ನಾಲ್ಕು ತಿಂಗಳು ತಲೆ ಕೆರೆದುಕೊಂಡದ್ದಾಗಿತ್ತು. ಬಾವಿಯ ಸುತ್ತ ಆರಿದ ಏಳು ದೀಪ. ಒಂದನ್ನು ಮುಟ್ಟಿದರೆ ಅದೂ ಅದರ ಎಡಬಲದ ಎರಡೂ ಬದಲಾಗುತ್ತವೆ. ಆರಿದ್ದು ಹೊತ್ತಿಕೊಳ್ಳುತ್ತದೆ, ಹೊತ್ತಿದ್ದು ಆರುತ್ತದೆ. ಏಳೂ ಉರಿದರೆ ಬಾಗಿಲು ತೆರೆಯುತ್ತದೆ. ಎರಡೇ ಸಲ ಮುಟ್ಟಿದರೆ ಆರು ದೀಪ ಉರಿಯುತ್ತಿತ್ತು, ಏಳನೆಯದು ನಮ್ಮನ್ನು ನೋಡಿ ಅಣಕಿಸುತ್ತಿತ್ತು. ಅದನ್ನು ಹೊತ್ತಿಸಲು ಹೋದರೆ ಪಕ್ಕದವು ಆರುತ್ತಿದ್ದವು.

ಮೊದಲ ವರ್ಷ ನಾನು ಪಟ್ಟ ಒಂಟಿತನ ನನಗೇ ಗೊತ್ತು. ಕುಚ್ಚಲಕ್ಕಿ ಸಿಗುತ್ತದೆ, ತೆಂಗಿನೆಣ್ಣೆ ಸಿಗುತ್ತದೆ, ಮಾವನ ಹೋಟೆಲಿನಿಂದ ಇಡ್ಲಿಯೂ ಬರುತ್ತದೆ. ಸಾಂಬಾರು ಮಾತ್ರ ಇಲ್ಲಿಯವರ ನಾಲಿಗೆಗೆ ತಕ್ಕ ಹಾಗೆ ಸಿಹಿ. ತಿನ್ನುವುದಕ್ಕೆ ಕೊರತೆ ಇರಲಿಲ್ಲ, "ಇದೇನೇ ಇಷ್ಟು ಉಪ್ಪು" ಎಂದು ಬೈಯುವುದಕ್ಕೆ ಶ್ಯಾಮಲೆ ಇರಲಿಲ್ಲ. ರೈಲಿನಲ್ಲಿ ಕನ್ಸೋಲ್ ತೆಗೆದು, ಹಳೆಯ ಬೀದಿಗಳಿಗೆ ಹೋಗಿ, ಇಬ್ಬರೂ ಬಿಡಿಸಿದ್ದ ಒಗಟುಗಳನ್ನೇ ಮತ್ತೆ ನೋಡುತ್ತಿದ್ದೆ. ಇಲ್ಲಿ ಅವಳು ಜಗಳ ಮಾಡಿದ್ದು, ಇಲ್ಲಿ ನಾನು ಒಗಟಿನ ಗುಂಗಿನಲ್ಲಿ ಹಾಲು ಉಕ್ಕಿಸಿದ್ದು. ಅಳು ಬಂದರೆ ತಲೆ ತಗ್ಗಿಸಲು ಅದೊಂದು ನೆಪ.

"ಕಾಯ್ ಗಂ, ರೋಜ್ ಕಾಯ್ ಬಘ್ತೇಸ್?" ದಿನಾ ಅದೇನು ನೋಡುತ್ತೀಯೇ ಎಂದು ಒಂದು ದಿನ ಕುಂದಾತಾಯಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಲ್ಲಿಂದ ಶುರು. ಪ್ರಾಚಿ ತೆರೆಯ ಮೇಲಿನ ಇಂಗ್ಲಿಷ್ ಓದುವುದು, ನಾನು ಕನ್ನಡದಲ್ಲಿ ಮಹಾದೇವಿಗೆ ಹೇಳುವುದು, ಮಹಾದೇವಿ ಮರಾಠಿಯಲ್ಲಿ ಕುಂದಾತಾಯಿಗೆ ಹೇಳುವುದು. ಅಷ್ಟರಲ್ಲಿ ಕೋಪರ್ ಸ್ಟೇಷನ್ ಹೋಗಿ ದಿವಾ ಬರುತ್ತಿತ್ತು. ಕುಂದಾತಾಯಿ ರಾತ್ರಿಯ ಅಡುಗೆಗೆಂದು ತೊಡೆಯ ಮೇಲೆ ಬಟಾಣಿ ಸುಲಿಯುತ್ತಲೋ ಮೆಂತೆಸೊಪ್ಪು ಬಿಡಿಸುತ್ತಲೋ ಕಿವಿಗೊಡುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನಗೇ ತಿಳಿಯದ ಹಾಗೆ ನಾನು ಬೆಳಿಗ್ಗೆ ಬೇಗ ಏಳತೊಡಗಿದೆ, ಅವರ ರೈಲು ತಪ್ಪಬಾರದೆಂದು.

ಕಳೆದ ಸಂಕ್ರಾಂತಿಯ ವಾರದಲ್ಲಿ ಅವರಿಗೆ ಬಿಡಿಸಲು ಹಳೆಯ ಒಗಟುಗಳೆಲ್ಲ ಮುಗಿದಿದ್ದವು. ಉಳಿದದ್ದು ಕೊನೆಯದೊಂದೇ. ಸುಮ್ಮನೆ ತೋರಿಸುತ್ತೇನೆ, ಒತ್ತುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ತೋರಿಸಿದೆ. ತಂಗಿಗೆ ಕೊಟ್ಟ ಮಾತನ್ನೂ ಹೇಳಿದೆ. ಮಹಾದೇವಿ, ಪ್ರಾಚಿ ತಮ್ಮ ತಮ್ಮ ಬುದ್ಧಿ ಓಡಿಸಿ ಸೋತರು. ಕುಂದಾತಾಯಿ ಅವತ್ತು ಡಬ್ಬಿಯ ತುಂಬ ಓಡಾಡಿ ಎಲ್ಲರಿಗೂ ಹಳದಿ ಕುಂಕು, ಅಂದರೆ ಅರಿಸಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಆಗಷ್ಟೇ ಬಂದು ಕೂತಿದ್ದರು. ಕೇಳಿಸಿಕೊಂಡು ಅರೆಕ್ಷಣವೂ ಯೋಚಿಸದೆ ಅಂದರು: "ಸಗಳ್ಯಾಂನಾ ಏಕೇಕದಾ ಹಾತ್ ಲಾವಾ. ಕುಣಾಲಾ ವಗಳಾಯ್ಚಂ ನಾಹೀ." ಎಲ್ಲವನ್ನೂ ಒಂದೊಂದು ಸಲ ಮುಟ್ಟಿ, ಯಾರನ್ನೂ ಬಿಡಬಾರದು. ಹಳದಿ ಕುಂಕುವಿಗೆ ಕೂತವರಲ್ಲಿ ಇವಳಿಗೆ ಬೇಕು, ಅವಳಿಗೆ ಬೇಡ ಎಂದು ಲೆಕ್ಕ ಹಾಕುತ್ತಾರೇನು ಎಂದು ನಕ್ಕರು.

ಅಯ್ಯೋ ದೇವರೇ! ಶ್ಯಾಮಲೆ ಮತ್ತು ನಾನು ಯಾವುದನ್ನು ಬಿಡುವುದು, ಯಾವುದನ್ನು ಬಿಡುವುದು ಎಂದೇ ನಾಲ್ಕು ತಿಂಗಳು ಕಳೆದಿದ್ದೆವು.

ಒತ್ತಿದ್ದು ನಾನೇ. ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು, ಎರಡು, ಮೂರು. ರೈಲು ಮುಂಬ್ರಾ ದಾಟಿತ್ತು. ಆರನೆಯದನ್ನು ಮುಟ್ಟಿದಾಗ ನಾಲ್ಕು ಉರಿಯುತ್ತಿದ್ದವು, ಮೂರು ಕತ್ತಲು. ಅಲ್ಲಿಗೆ ನಿಲ್ಲಿಸಬಹುದಿತ್ತು. ಏಳನೆಯದನ್ನೂ ಮುಟ್ಟಿದೆ. ಏಳೂ ದೀಪ ಹೊತ್ತಿಕೊಂಡವು, ಬಾಗಿಲು ತೆರೆಯಿತು, ಡಬ್ಬಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಪ್ರಾಚಿ ನನ್ನ ಕುತ್ತಿಗೆ ತಬ್ಬಿ ಮೊದಲ ಸಲ ಕನ್ನಡದಲ್ಲಿ "ಆಯ್ತು ಆಂಟಿ, ಆಯ್ತು!" ಎಂದು ಕಿರುಚಿದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಊರಿಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಠಾಣೆ ಬಂತು. ಬೆಕ್ಕು ಸಿಗುವುದನ್ನು ನೋಡದೆ ಕನ್ಸೋಲ್ ಆರಿಸಿ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗ ಶ್ಯಾಮಲೆಗೆ ಮಾಡಿದ ಆಣೆ ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಆಟ ತಾನಾಗಿಯೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ತೆರೆದ ಬಾಗಿಲನ್ನು ಮತ್ತೆ ಮುಚ್ಚಲು ಬರುವುದಿಲ್ಲ.

ಆ ಭಾನುವಾರ ಶ್ಯಾಮಲೆ ಫೋನಿನಲ್ಲಿ ಕೇಳಿದಳು, "ಬಾಗಿಲು ಹಾಗೇ ಉಂಟಲ್ಲ?"

"ಉಂಟು ಮಾರಾಯ್ತಿ, ಎಲ್ಲಿಗೆ ಹೋಗ್ತದೆ," ಎಂದೆ.

ಸುಳ್ಳು ಹೇಳಿಯಾಯಿತು, ಇನ್ನು ಅದಕ್ಕೆ ಬೆವರು ಸುರಿಸಬೇಕಲ್ಲ. ಮೇ ತಿಂಗಳಲ್ಲಿ ಊರಿಗೆ ಹೋಗುವುದಿತ್ತು. ಇಬ್ಬರೂ ಕೂಡಿ ಆಡಿದ ಹಳೆಯದನ್ನೆಲ್ಲ ಅಳಿಸಿ, ಮುದುಕಿಗೆ ಮತ್ತೆ ಪದ್ದಕ್ಕ ಎಂದೇ ಹೆಸರಿಟ್ಟು, ಮೊದಲ ಬೀದಿಯಿಂದ ಶುರು ಮಾಡಿದೆ. ರೈಲಿನಲ್ಲಿ ಕುಂದಾತಾಯಿ "ವೇಡೀ ಆಹೇಸ್ ಕಾ ತೂ?" ನಿನಗೆ ಹುಚ್ಚೇ ಎಂದರು. ಮಹಾದೇವಿ ಮಾತ್ರ ಮೆಲ್ಲಗೆ, "ಸುಮ್ಮ ತಂಗಿಗಿ ಹೇಳಿಬಿಡ್ರಿ ಅಕ್ಕಾರ. ಆಟ ಏನ್ ದೊಡ್ಡದ್ರಿ," ಎಂದಳು. ದೊಡ್ಡದು ಎಂದು ಅವಳಿಗೆ ಹೇಗೆ ತಿಳಿಸಲಿ? ಮೂರು ತಿಂಗಳು ಆಡಿ, ಹೊರಡುವ ಹಿಂದಿನ ದಿನ ಮತ್ತೆ ಆ ಬಾವಿಯ ಮುಂದೆ ಪದ್ದಕ್ಕನನ್ನು ತಂದು ನಿಲ್ಲಿಸಿದೆ.

ಉಡುಪಿಯಲ್ಲಿ ಶ್ಯಾಮಲೆ ಅವತ್ತು ಅಂಗಡಿ ಮುಚ್ಚಿಯೇ ಕಾದಿದ್ದಳು. ಊಟ ಮುಗಿಸಿ ಜಗಲಿಯಲ್ಲಿ ಕೂತೆವು. ಅವಳು ಆಡಿದಳು, ನಾನು ಪಕ್ಕದಲ್ಲಿ ಕೈಕಟ್ಟಿ ಕೂತೆ. ಆರು ಉರಿಯಿತು, ಏಳನೆಯದು ಉರಿಯಲಿಲ್ಲ. ಮತ್ತೆ ಶುರು ಮಾಡಿದಳು. ಹತ್ತು ನಿಮಿಷವಾಗಿರಬೇಕು, ತಲೆಯೆತ್ತಿ ನನ್ನನ್ನೇ ನೋಡಿದಳು.

"ಅಕ್ಕ, ನಿಂಗೆ ಗೊತ್ತುಂಟು."

"ಎಂತದು?"

"ಗೊತ್ತಿಲ್ಲದಿದ್ರೆ ನೀನು ಹೀಗೆ ದೇವರ ಹಾಗೆ ಕೂರ್ತಿದ್ಯಾ? ಇಷ್ಟೊತ್ತಿಗೆ ನನ್ನ ಕೈಯಿಂದ ಎಳ್ಕೊಂಡು ಆಗ್ತಿತ್ತು."

ನನಗೆ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿದೆ, ಅಳಿಸಿ ಮತ್ತೆ ಆಡಿದ್ದನ್ನು ಕೂಡ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕುಂದಾತಾಯಿ ಹೇಗಿದ್ದಾರೆ, ರೈಲಿನಲ್ಲಿ ಬಟಾಣಿ ಸುಲಿದರೆ ಸಿಪ್ಪೆ ಎಲ್ಲಿ ಹಾಕುತ್ತಾರೆ, ಪ್ರಾಚಿ ಈಗ ಕನ್ನಡ ಆಡುತ್ತಾಳಾ ಎಂದು ಒಂದೊಂದೇ ಕೇಳಿದಳು. ಆಮೇಲೆ ಏಳು ದೀಪಗಳನ್ನೂ ವರಸೆಯಾಗಿ ಒಂದೊಂದು ಸಲ ಮುಟ್ಟಿದಳು. ಬಾಗಿಲು ತೆರೆಯಿತು. ಬೆಕ್ಕು ಒಳಗೆ ಯಾರದೋ ಒಲೆಯ ಪಕ್ಕ ಬೆಚ್ಚಗೆ ಮಲಗಿತ್ತು. ಪದ್ದಕ್ಕ ಕೊಡೆ ಮಡಚಿ ಅದರ ಪಕ್ಕ ಕೂತಳು. ಅಲ್ಲಿಗೆ ಆಟ ಮುಗಿಯಿತು.

"ತುಂಬ ನಕ್ಕಿದ್ಯಾ ಅವತ್ತು, ರೈಲಲ್ಲಿ?" ಶ್ಯಾಮಲೆ ಕೇಳಿದಳು.

"ಹೂಂ."

"ನಿಂಗೆ ಅಲ್ಲಿ ಜನ ಆಯ್ತು ಬಿಡು. ಒಳ್ಳೇದೇ ಆಯ್ತು." ಕನ್ಸೋಲಿನ ತೆರೆಯನ್ನು ಸೆರಗಿನಿಂದ ಒರೆಸಿದಳು. "ಇನ್ನು ನೀನು ವಾಪಸ್ ಬರುದಿಲ್ಲ, ಅಲ್ವಾ ಅಕ್ಕ?"

ಬರುತ್ತೇನೆ ಎನ್ನಬೇಕಿತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ನಾನು ಸಲೀಸಾಗಿ ಹೇಳಿದ ಮಾತು ಅದು. ಅವಳ ಎದುರು ಕೂತು, ಅವಳ ಮುಖ ನೋಡುತ್ತಾ, ನನಗೆ ಹೇಳಲಾಗಲಿಲ್ಲ.