ಗೇಟಕ್ಕ ಕಟ್ಟಿದ ಎರಡು ಕಣ್ಣಿನ ಗೇಟು

ಕಾರ್ಖಾನೆಯವರೆಲ್ಲ ಅವಳನ್ನು ಗೇಟಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಮುಖ್ಯ ಗೇಟು ಕಾಯುತ್ತಿದ್ದವಳು. ತಾನೇ ಏಳುವ, ತಾನೇ ಇಳಿಯುವ ಮೋಟಾರಿನ ಗೇಟು ಬಂದ ಮೂರನೇ ವಾರ, ಅದರ ಕಬ್ಬಿಣದ ತೋಳು ಧಡಾರನೆ ಒಂದು ಟ್ರೇಲರ್ ಲಾರಿಯ ಮೇಲೆ ಬಿತ್ತು. 'ನನ್ನ ಅಜಾಗರೂಕತೆಯಿಂದ ಹೀಗಾಯಿತು' ಎಂದು ಟೈಪು ಮಾಡಿದ ಕಾಗದವನ್ನು ಮ್ಯಾನೇಜರ್ ಅವಳ ಮುಂದೆ ತಳ್ಳಿದರು.

"ಸೈನ್ ಹಾಕಮ್ಮ, ಇಲ್ಲಿಗೆ ಮುಗಿಸೋಣ."

"ನಾನು ಬಟನ್ ಮುಟ್ಟೇ ಇಲ್ಲ ಸಾರ್. ಹಾಕಲ್ಲ."

"ಮತ್ತೆ ಅದೇನು ತಾನಾಗೇ ಬಿತ್ತಾ?"

"ಹೂಂ, ತಾನಾಗೇ. ಯಾಕೆ ಅಂತ ಸೋಮವಾರ ತೋರಿಸ್ತೀನಿ."

ಅವಳು ಕಣ್ಣಾರೆ ಕಂಡಿದ್ದಳು. ಗೇಟಿಗಿದ್ದದ್ದು ಒಂದೇ ಸೆನ್ಸರ್, ದಾರಿಗೆ ಅಡ್ಡಲಾಗಿ ಹಾಯುವ ಬೆಳಕಿಗೆ ತಡೆ ಬಿದ್ದರೆ ಗಾಡಿ ಇದೆ ಎಂದು ತಿಳಿಯುವಂಥದ್ದು. ಲಾರಿಯ ಮೂತಿಗೂ ಹಿಂದಿನ ಟ್ರೇಲರಿಗೂ ನಡುವಿನ ಸಂದಿಯಲ್ಲಿ ಬೆಳಕು ತೂರಿದ್ದೇ ತಡ, ಗಾಡಿ ಹೋಯಿತೆಂದು ತಿಳಿದು ಗೇಟು ಇಳಿದಿತ್ತು.

ಭಾನುವಾರ ಬೆಳಿಗ್ಗೆಯೇ ಅಣ್ಣನ ರೇಡಿಯೊ ರಿಪೇರಿ ಅಂಗಡಿಗೆ ಹೋದಳು. ಮದುವೆಗೆ ಮುಂಚೆ ಅಲ್ಲೇ ಬೆಸುಗೆ ಹಾಕಿ ಪಳಗಿದ ಕೈ. ಹಳೆಯ ಟೇಪ್‌ರೆಕಾರ್ಡರಿನ ಮೋಟಾರಿಗೆ ಮರದ ಸ್ಕೇಲು ಕಟ್ಟಿ ಗೇಟಿನ ಪುಟ್ಟ ಮಾದರಿ ಮಾಡಿದಳು. ಅದರಡಿಯ ದಾರಿಯುದ್ದಕ್ಕೆ ಎರಡು ಬೆರಳು ಅಂತರದಲ್ಲಿ ಎರಡು ಬೆಳಕಿನ ಸೆನ್ಸರ್ ಇಟ್ಟಳು. ನಡುವೆ ಹದಿನಾಲ್ಕು ಕಾಲಿನ ಒಂದು ಎಲೆಕ್ಟ್ರಾನಿಕ್ ಚಿಪ್.

"ಇದಕ್ಕೂ ಗೇಟ್ ಅಂತಲೇ ಹೆಸರು ಕಣೆ, ಆಂಡ್ ಗೇಟ್," ಎಂದು ಅಣ್ಣ ನಕ್ಕ. "ಎರಡೂ ಕಡೆಯಿಂದ ದಾರಿ ಖಾಲಿ ಅಂತ ಬಂದ್ರೆ ಮಾತ್ರ ಹೂಂ ಅನ್ನುತ್ತೆ."

"ಗೇಟು ಕಾಯೋಕೆ ಇನ್ನೊಂದು ಗೇಟು. ಆಗಲಿ, ನನಗೂ ಒಬ್ಬ ಜೊತೆಗಾರ ಸಿಕ್ಕಿದ."

ಮೊದಲ ಸಲ ಸ್ಕೇಲು ಹುಚ್ಚು ಹಿಡಿದಂತೆ ಕುಣಿಯಿತು. ಒಂದು ತಂತಿ ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಸಂಜೆಯಾಗುತ್ತಾ ಬಂದರೂ ಅವಳು ಏಳಲಿಲ್ಲ.

"ಸೈನ್ ಹಾಕಿ ಕೈ ತೊಳ್ಕೊಳ್ಳೇ," ಎಂದ ಅಣ್ಣ.

"ಸತ್ತರೂ ಇಲ್ಲ. ಬೆಸುಗೆ ಕಡ್ಡಿ ಕೊಡು."

ಸೋಮವಾರ ಮ್ಯಾನೇಜರರ ಮೇಜಿನ ಮೇಲೆ, ಕಾರ್ಖಾನೆಯ ಎಂಜಿನಿಯರ್ ಎದುರಿಗೆ, ಎರಡು ಬೆಂಕಿಪೊಟ್ಟಣಗಳನ್ನು ದಾರದಿಂದ ಜೋಡಿಸಿ ಲಾರಿ ಮಾಡಿದಳು. ಸ್ವಿಚ್ಚು ಒತ್ತಿ ಒಂದು ಸೆನ್ಸರನ್ನು ಲೆಕ್ಕಕ್ಕಿಲ್ಲದಂತೆ ಮಾಡಿ, ಆ ಲಾರಿಯನ್ನು ಸ್ಕೇಲಿನಡಿ ಎಳೆದಳು. ಸಂದಿ ಬಂದೊಡನೆ ಸ್ಕೇಲು ಟಪ್ಪೆಂದು ಬಿತ್ತು. ಎರಡನ್ನೂ ಕೂಡಿಸಿ ಎಳೆದಾಗ, ಹಿಂದಿನ ಪೊಟ್ಟಣ ಪೂರ್ತಿ ದಾಟುವ ತನಕ ಅದು ಅಲುಗಲಿಲ್ಲ. ಎಂಜಿನಿಯರ್ ತಾನೇ ಮೂರು ಸಲ ಎಳೆದು ನೋಡಿ, "ಇವರು ಹೇಳೋದು ಸರಿ ಸಾರ್," ಎಂದ.

"ಆಯ್ತಮ್ಮ, ಹೋಗಿ ಕೆಲಸ ನೋಡು," ಎಂದರು ಮ್ಯಾನೇಜರ್.

"ಬಾಯಲ್ಲಿ ಬೇಡ ಸಾರ್. ಬರೆದುಕೊಡಿ."

ಮಧ್ಯಾಹ್ನ 'ತಾಂತ್ರಿಕ ಕಾರಣ' ಎಂದಷ್ಟೇ ಬರೆದ ಕಾಗದ ಬಂತು. ಅದನ್ನು ಹಿಂದಕ್ಕೆ ಕಳಿಸಿದಳು. ಮರುದಿನ 'ಗೇಟು ಕಾಯುವವರ ತಪ್ಪು ಇರಲಿಲ್ಲ' ಎಂಬ ಸಾಲು, ಸಹಿ, ಮುದ್ರೆ ಸಮೇತ ಬಂದ ಮೇಲೆಯೇ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಗೇಟಿಗೆ ಎರಡನೇ ಸೆನ್ಸರ್ ಕೂರಿಸಲು ಜನ ಬಂದಾಗ, ಅದು ಎಲ್ಲಿರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವಳು ಅವಳೇ.